ಅಟ್ಟ ಇಳೀಲಿ, ಹೇಳ್ತೀನಿ

"ನನ್ನನ್ನೂ ರೈತರ ಸಾಲಿಗೆ ಸೇರಿಸಿ ಬರ್ಕೊಂಡಿದೀಯಲ್ಲ ಧನ್ಯಾ... ನಾನೇನು ಮಂಡಿಗೆ ಮಾಲು ಹಾಕೋ ಪಾರ್ಟಿನಾ?"

"ಮೆತ್ತಗೆ ಮಾತಾಡಿ. ಹೊರಗೆ ಹಮಾಲರಿದಾರೆ."

"ಇರ್ಲಿ ಬುಡು, ಕೇಳಿಸ್ಕೊಳ್ಳಲಿ. ಏನಿದು? ಓದು."

ಭುವನ್ ಕಂಪ್ಯೂಟರಿನ ಪರದೆಯನ್ನು ಅವಳ ಕಡೆಗೆ ತಿರುಗಿಸಿದ. ತಿರುಗಿಸಿದ ರಭಸಕ್ಕೆ ಮೇಜಿನ ಮೇಲಿದ್ದ ಕಾಫಿ ಲೋಟ ಉರುಳಿತು. ಇಬ್ಬರೂ ಅದನ್ನು ಎತ್ತಲಿಲ್ಲ.

ಧನ್ಯಶ್ರೀ ಓದಲಿಲ್ಲ. ತಾನೇ ಬರೆದದ್ದು, ಓದುವುದೇನಿದೆ?

ಹುಳಿಯಾರಿನ ಆ ಕೊಬ್ಬರಿ ಮಂಡಿಯಲ್ಲಿ ಅವಳು ಬಿಲ್ಲು ಬರೆಯುವ ಕೆಲಸಕ್ಕೆ ಸೇರಿದವಳು. ಪಕ್ಕದ ಕೆಂಕೆರೆಯ ಚಿಕ್ಕಣ್ಣನ ಮಗಳು. ಮಂಡಿ ಭುವನ್‌ನ ತಂದೆ ಕಟ್ಟಿದ್ದು. ಅವರು ಹೋದ ಮೇಲೆ ತಾಯಿ ಗಿರಿಜಾಂಬಿಕಾ ಗಂಡಸರ ನಡುವೆ ನಿಂತು, ಒಬ್ಬರ ಮುಲಾಜಿಗೂ ಬೀಳದೆ ಉಳಿಸಿಕೊಂಡದ್ದು.

ಮಂಡಿಯ ವ್ಯವಹಾರದಲ್ಲಿ ಮುಕ್ಕಾಲು ಪಾಲು ಬಾಯಿಮಾತು. ಯಾರ ಮನೆ ಅಟ್ಟದಲ್ಲಿ ಕಾಯಿ ಒಣಗಿದೆ, ಯಾರು ಯಾವಾಗ ಇಳಿಸಿ ಕೊಬ್ಬರಿ ಒಡೆಸುತ್ತಾರೆ, ಯಾರು ರೇಟು ಏರಲಿ ಎಂದು ಕಾಯುತ್ತಿದ್ದಾರೆ... ಎಲ್ಲ ಫೋನಿನಲ್ಲಿ ಬಂದು ಫೋನಿನಲ್ಲೇ ಹೋಗುತ್ತಿತ್ತು. ಧನ್ಯಶ್ರೀಗೆ ಇದು ಸರಿ ಬರಲಿಲ್ಲ. ಟಿಪ್ಪಣಿ ಬರೆಯುವ ಒಂದು ಸಣ್ಣ ಆಪ್ ಕಂಪ್ಯೂಟರಿಗೆ ಹಾಕಿಕೊಂಡಳು. ಅದರಲ್ಲಿ ಬಣ್ಣವಿಲ್ಲ, ಚಿತ್ರವಿಲ್ಲ. ಬಿಳಿ ಹಾಳೆ, ಮೇಲೊಂದು ಹುಡುಕುವ ಜಾಗ, ಅಷ್ಟೇ. ಒಬ್ಬರು ಒಂದು ಮಾತು ಹೇಳಿದರೆ ಒಂದು ಟಿಪ್ಪಣಿ. ಆಮೇಲೆ ಒಂದು ಪದ ಹಾಕಿದರೆ ಸಾಕು, ಆ ಪದವಿರುವ ಟಿಪ್ಪಣಿಗಳೆಲ್ಲ ಸಾಲಾಗಿ ಬಂದು ನಿಲ್ಲುತ್ತಿದ್ದವು.

ಆ ಬೆಳಿಗ್ಗೆ ಅವಳು ಬರುವುದು ತಡವಾಯಿತು. ಈ ವಾರ ಯಾರ ಅಟ್ಟ ಇಳಿಯುತ್ತದೆ, ಯಾರ ಕಾಯಿ ಕೆಳಗೆ ಬರುತ್ತದೆ ಎಂದು ತಿಳಿಯಲು ಭುವನ್ ತಾನೇ ಕುಳಿತು 'ಅಟ್ಟ' ಎಂದು ಹಾಕಿದ.

ಬಂತು.

'ತೋಂಟದಾರ್ಯ: ಅಟ್ಟದ ಕಾಯಿ ಮುಂದಿನ ವಾರ ಇಳಿಸುತ್ತಾರಂತೆ.'

'ದೊಡ್ಡರಂಗಯ್ಯ: ಅಟ್ಟ ಈಗಲೇ ಮುಟ್ಟಲ್ಲ, ರೇಟು ನೋಡಿಕೊಂಡು ಅಂದರು.'

'ಭುವನ್: ಅಟ್ಟ ಇಳೀಲಿ, ಅಮ್ಮನಿಗೆ ಹೇಳ್ತೀನಿ ಅಂದರು.'

'ಭುವನ್: ಹಿಂದಿನ ಕೋಣೆ ಅಟ್ಟವೂ ಇಳೀಲಿ ಅಂದರು.'

'ಭುವನ್: ಹಂದನಕೆರೆ ತೋಟದ ಕಾಯಿ ಈಗ ಅಟ್ಟಕ್ಕೆ ಹಾಕಿದೀವಿ, ಅದೊಂದು ಆಗಲಿ ಅಂದರು.'

ಇನ್ನೂ ಇದ್ದವು. ಕೆಳಗೆ ಹೋದಷ್ಟೂ ಇದ್ದವು.

ಮಂಡಿಯ ಕಂಪ್ಯೂಟರಿನಲ್ಲಿ ಮನಸ್ಸಿನ ಮಾತು ಬರೆದಿಡುವುದು ಬುದ್ಧಿ ಇರುವವರು ಮಾಡುವ ಕೆಲಸವಲ್ಲ. ಧನ್ಯಶ್ರೀಗೆ ಬುದ್ಧಿ ಇತ್ತು. ಆದರೂ ಮಾಡಿದ್ದಳು.

"ನಮ್ಮ ಮಂಡೀಲಿ ಮಾತಂದ್ರೆ ಮಾತು," ಭುವನ್ ಹಲ್ಲು ಕಚ್ಚಿ ಹೇಳಿದ. "ಬರ್ಕೊಳ್ಳೋದು ಯಾರ ಮಾತನ್ನ? ನಂಬಿಕೆ ಇಲ್ದೋರ ಮಾತನ್ನ. ನನ್ನ ಮೇಲೆ ಸಾಕ್ಷಿ ಮಾಡ್ಕೊಂಡಿದೀಯಾ?"

"ಒಂದಕ್ಷರ ನಾನು ಸೇರಿಸಿಲ್ಲ. ನೀವು ಹೇಳಿದ್ದೇ."

"ಹೇಳಿದೀನಿ. ಅಟ್ಟ ಇಳಿದ್ಮೇಲೆ ಹೇಳ್ತೀನಿ ಅಂದಿದೀನಿ. ಏನೀಗ?"

"ನಿಮ್ಮನೆ ಅಟ್ಟ ಯಾವತ್ತಾದ್ರೂ ಖಾಲಿ ಆಗಿದ್ದುಂಟಾ?"



ತೆಂಗಿನ ಸೀಮೆಯಲ್ಲಿ ಹುಟ್ಟಿದವರಿಗೆ ಆ ಪ್ರಶ್ನೆಗೆ ಉತ್ತರ ಗೊತ್ತು. ಒಣಗಿದ ಕಾಯಿ ಒಂದು ಮೂಲೆಯಿಂದ ಇಳಿಯುತ್ತಿರುವಾಗಲೇ ಇನ್ನೊಂದು ಮೂಲೆಗೆ ಹೊಸ ಕಾಯಿ ಏರುತ್ತಿರುತ್ತದೆ. ಏರಿದ್ದು ವರ್ಷವಾಗುತ್ತಾ ಬಂದರೂ ಕದಲುವುದಿಲ್ಲ. ಬೆಳೆ ಇರುವವರೆಗೆ ಅಟ್ಟ ಖಾಲಿ ಎಂಬುದೇ ಇಲ್ಲ.

"ಭಾನುವಾರ ತುರುವೇಕೆರೆಯವರು ಬತ್ತಾರೆ," ಧನ್ಯಶ್ರೀಯ ಧ್ವನಿ ತಗ್ಗಿತು. "ಹುಡುಗ ಒಪ್ಪಿದಾನೆ. ಅಪ್ಪ ಅವತ್ತೇ ವೀಳ್ಯ ಕೊಟ್ಟು ಮದುವೆ ಮಾತು ಮುಗಿಸ್ತೀನಿ ಅಂತ ಕೂತಿದಾರೆ. ಅದನ್ನ ಹೇಳೋಕೇ ಇವತ್ತು ಬಂದೆ."

ಅವನು ಏನಾದರೂ ಹೇಳಲಿ... ಬೇಡ, ಕೈಯಾದರೂ ಹಿಡಿಯಲಿ ಎಂದು ಅವಳ ಜೀವ ಕಾಯಿತು.

ಕೋಪ ಬಂದವನ ಬಾಯಿಗೆ ಕೆಟ್ಟ ಮಾತೇ ಮೊದಲು ಸಿಗುತ್ತದೆ.

"ಹಂಗಾದ್ರೆ ಅವನು ಹೇಳಿದ್ದನ್ನೂ ಬರ್ಕೋ, ಹೋಗು."

ಹಾಗೆಂದವನು ತನ್ನ ಹೆಸರಿನ ಟಿಪ್ಪಣಿಗಳನ್ನು ಒಂದೊಂದಾಗಿ ಅಳಿಸಿದ. ಅವಳ ಎದುರಿಗೇ. ಅವಳು ತಡೆಯಲಿಲ್ಲ. ಕೊನೆಯದೂ ಹೋದ ಮೇಲೆ ಕೊಡೆ, ಚೀಲ ತೆಗೆದುಕೊಂಡಳು.

"ಅಳಿಸೋ ಕೆಲಸ ಬೇಗ ಮುಗಿಸಿದ್ರಿ," ಎಂದು ಹೇಳಿ ಮೆಟ್ಟಿಲಿಳಿದಳು.

ಹಮಾಲಿ ಚಿಕ್ಕಹನುಮಯ್ಯ ಚೀಲ ಹೊಲಿಯುತ್ತಿದ್ದವನು ತಲೆ ಎತ್ತಿ, "ಏನಮ್ಮಣ್ಣಿ, ಈಗ್ತಾನೆ ಬಂದೆ?" ಎಂದ. ಅವಳು ಆಗಲೇ ಕೊಡೆ ಬಿಚ್ಚಿ ರಸ್ತೆಗೆ ಇಳಿದಿದ್ದಳು.

* * *

ಶನಿವಾರ ಕೆಂಕೆರೆಯ ಮನೆಯಲ್ಲಿ ಧನ್ಯಶ್ರೀ ನಿಂತಲ್ಲಿ ನಿಲ್ಲಲಿಲ್ಲ. ಗುಡಿಸಿದ ಪಡಸಾಲೆಯನ್ನೇ ಮತ್ತೆ ಗುಡಿಸಿದಳು. ಕರುವಿಗೆ ನೀರಿಟ್ಟಳು, ಅದು ಕುಡಿಯುವ ಮೊದಲೇ ಬಕೆಟ್ ಎತ್ತಿಕೊಂಡು ಬಂದಳು.

"ಏನಾಗದೆ ಕಣೇ ನಿಂಗೆ?" ತಾಯಿ ರಂಗಮ್ಮ ರವೆ ಹುರಿಯುತ್ತ ಕೇಳಿದಳು. "ಎರಡು ದಿನದಿಂದ ಕೆಲಸಕ್ಕೂ ಹೋಗಲಿಲ್ಲ. ಫೋನು ಬಡ್ಕೊಂತದೆ, ಎತ್ತಲ್ಲ."

"ಎತ್ತೋ ಅಂಥ ಫೋನಲ್ಲ ಬುಡವ್ವ."

"ಆ ಹುಡುಗ ಮೇಷ್ಟ್ರಂತೆ. ಸಿಟ್ಟೇ ಬರಲ್ವಂತೆ."

"ಸಿಟ್ಟೇ ಬರದಿದ್ದೋನ ಜೊತೆ ನಾನೇನು ಮಾತಾಡ್ಲಿ?"

ರಂಗಮ್ಮ ಸೌಟು ನಿಲ್ಲಿಸಿ ಮಗಳನ್ನು ನೋಡಿದಳು. ಏನೋ ಕೇಳಬೇಕೆಂದವಳು ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದೆ ಎಂಬ ಭಯ ಅವಳಿಗೆ.

ಧನ್ಯಶ್ರೀಯ ಎದೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು... ಸಾಕ್ಷಿ ಅಂದರು. ಸಾಕ್ಷಿ ಅಂದುಬಿಟ್ಟರು.

ಮೊದಲ ಟಿಪ್ಪಣಿ ಬರೆದ ದಿನ ಅವಳಿಗೆ ಸಾಕ್ಷಿಯ ಯೋಚನೆ ಎಲ್ಲಿತ್ತು? ಅವತ್ತು ಭುವನ್ ಬಿಲ್ಲಿಗೆ ಸಹಿ ಹಾಕುವ ನೆಪದಲ್ಲಿ ಬಗ್ಗಿ, ಅವಳ ಕಿವಿಯ ಹತ್ತಿರ, "ಅಟ್ಟ ಇಳೀಲಿ, ಅಮ್ಮನಿಗೆ ಹೇಳ್ತೀನಿ, ನಿನ್ನನ್ನೇ ಮದುವೆ ಆಗೋದು" ಎಂದಿದ್ದ. ಅವನು ಆಚೆ ಹೋದ ತಕ್ಷಣ ಅವಳ ಬೆರಳು ತಾವಾಗಿಯೇ ಓಡಿದ್ದವು. ಬರೆಯದಿದ್ದರೆ ಆ ಮಾತು ಹಾರಿಹೋಗುತ್ತದೇನೋ ಎಂಬ ಗಾಬರಿ. ಮದುವೆ ಎಂಬ ಮಾತನ್ನು ಮಾತ್ರ ಬರೆಯಲು ನಾಚಿಕೆಯಾಗಿ ಬಿಟ್ಟಿದ್ದಳು. ಆ ದಿನವೆಲ್ಲ ಬಿಲ್ಲುಗಳ ಮಧ್ಯೆ ತೆರೆದು ತೆರೆದು ಓದಿದ್ದಳು, ಒಬ್ಬಳೇ ನಕ್ಕಿದ್ದಳು.

ಎರಡನೆಯದನ್ನು ಬರೆಯುವಾಗ ನಗು ಇರಲಿಲ್ಲ. ಮೂರನೆಯದಕ್ಕೆ ಕಣ್ಣು ತುಂಬಿತ್ತು. ಆಮೇಲಾಮೇಲೆ ಹಠಕ್ಕೆ ಬರೆದಳು. ಅದನ್ನೆಲ್ಲ ಅವನಿಗೆ ಹೇಳಬಹುದಿತ್ತು. ಹೇಳಲಿಲ್ಲ. ಆ ಗಳಿಗೆಯಲ್ಲಿ ಸಿಟ್ಟು ಇವಳಿಗೂ ಕಡಿಮೆ ಇರಲಿಲ್ಲ.

* * *

ಭಾನುವಾರ ಮಂಡಿಗೆ ರಜೆ. ಭುವನ್ ಅರ್ಧ ಬಾಗಿಲು ತೆಗೆದು ಒಳಗೆ ಕುಳಿತಿದ್ದ. ಎದ್ದ, ಚೀಲಗಳ ಸುತ್ತ ಒಂದು ಸುತ್ತು ಹಾಕಿದ, ಮತ್ತೆ ಕುಳಿತ. ಫೋನು ನೋಡಿದ, ಮೇಜಿನ ಮೇಲೆ ಬೋರಲು ಹಾಕಿದ.

ಕಂಪ್ಯೂಟರ್ ಹಾಕಿ ಅವಳ ಆಪ್‌ನಲ್ಲಿ ಹೊಸ ಹಾಳೆ ತೆಗೆದ. ಹೇಳಬೇಕಾದದ್ದನ್ನು ಮೊದಲು ಬರೆದುಕೊಂಡರೆ ಬಾಯಿಗೆ ಧೈರ್ಯ ಬಂದೀತು ಎಂಬ ಆಸೆ.

'ಅಮ್ಮ, ನಿಂಗೊಂದು ಮಾತು.'

ಅಳಿಸಿದ.

'ಅಮ್ಮ, ಸಿಟ್ಟು ಮಾಡ್ಕೋಬೇಡ.'

'ಅಮ್ಮ' ಎಂಬುದೊಂದನ್ನು ಬಿಟ್ಟು ಅದನ್ನೂ ಅಳಿಸಿದ. ಬಿಳಿ ಹಾಳೆಯ ಮೇಲೆ ಸಣ್ಣ ಗೀಟೊಂದು ಮಿಣುಕುತ್ತಲೇ ಇತ್ತು. ಅದನ್ನು ನೋಡಿ ನೋಡಿ ಅವನಿಗೆ ತಲೆ ಕೆಟ್ಟಿತು.

"ಏನ್ಲಾ ಅದು? ರಜಾ ದಿನ ಕುಟ್ಕೊಂಡು ಕೂತಿದೀಯ."

ಬೆನ್ನ ಹಿಂದೆ ತಾಯಿ ನಿಂತಿದ್ದರು. ಮಂಡಿಯ ಹಿಂದೆಯೇ ಮನೆ, ನಡುವೆ ಒಂದೇ ಬಾಗಿಲು. ಗಿರಿಜಾಂಬಿಕಾ ಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡೇ ಬಂದಿದ್ದರು. ಬಗ್ಗಿ ಪರದೆ ನೋಡಿದರು. ಅಲ್ಲಿ ಉಳಿದಿದ್ದದ್ದು 'ಅಮ್ಮ' ಎಂಬ ಒಂದೇ ಪದ.

"ಗೋಡೆಯಾಚೆ ಇರೋಳಿಗೆ ಕಾಗದ ಬರೀತಿದೀಯಾ? ಬಾಯಿ ಬಿದ್ದೋಯ್ತಾ?"

"ಅಮ್ಮ... ನಾನು ಧನ್ಯಶ್ರೀನ ಮದುವೆ ಆಗ್ತೀನಿ."

ಹೇಳಿದ್ದಾಯಿತು. ಇಷ್ಟೇನಾ ಎನ್ನಿಸಿತು ಅವನಿಗೆ. ಇಷ್ಟಕ್ಕೆ ಅಷ್ಟು ದಿನವೇ...

ಗಿರಿಜಾಂಬಿಕಾ ಕೂಗಾಡಲಿಲ್ಲ. ಎದುರಿನ ಕುರ್ಚಿ ಎಳೆದು ಕುಳಿತರು. ಸೆರಗಿನಿಂದ ಮೇಜಿನ ಮೇಲಿನ ಕಾಫಿ ಕಲೆ ಉಜ್ಜಿದರು.

"ಕೆಂಕೆರೆ ಹುಡುಗಿ. ಒಳ್ಳೇ ಹುಡುಗಿ ಕಣ್ಲಾ. ಚುರುಕು. ಅದಕ್ಕೇ ಇಲ್ಲಿ ಕೂರಿಸಿದ್ದು." ಸ್ವಲ್ಪ ತಡೆದರು. "ಇಲ್ಲಿ ಕೂರಿಸೋದು ಬೇರೆ, ಒಳಗೆ ಕರ್ಕೊಳ್ಳೋದು ಬೇರೆ. ನಮ್ಮದು ಲಿಂಗ ಕಟ್ಟಿದ ಮನೆ."

"ಗೊತ್ತಮ್ಮ."

"ಗೊತ್ತಿದ್ದೂ ಅಂತೀಯಾ?"

"ಗೊತ್ತಿದ್ದೂ ಅಂತೀನಿ. ಇವತ್ತು ಅವಳಿಗೆ ವೀಳ್ಯ ಕೊಡ್ತಾರೆ. ನೀನು ಬಾ. ನಾವಿಬ್ರೂ ಹೋಗಿ ಕೇಳಾಣ."

ಗಿರಿಜಾಂಬಿಕಾ ಬೇಡ ಎನ್ನಲಿಲ್ಲ. ಬೇಡ ಎಂದಿದ್ದರೆ ಭುವನ್ ಜಗಳವಾಡುತ್ತಿದ್ದ, ಅತ್ತು ಬೇಡುತ್ತಿದ್ದ, ಏನೋ ಒಂದು ಮಾಡುತ್ತಿದ್ದ.

"ಇಷ್ಟ್ ಅವಸರ ಯಾಕೆ?" ಎಂದರು ಮೃದುವಾಗಿ. "ಅಟ್ಟ ಇಳೀಲಿ. ಆಮೇಲೆ ಕೂತು ನೋಡಾಣ."

ಇದೇ ಮಾತು. ಇದೇ ಮೆತ್ತನೆಯ ಧ್ವನಿ. ಇದನ್ನೇ ಭುವನ್ ಧನ್ಯಶ್ರೀಗೆ ಎಷ್ಟು ಸಲ ಹೇಳಿಲ್ಲ! ಕೇಳಿದವರಿಗೆ ಹೇಗಿರುತ್ತದೆ ಎಂಬುದು ಇವತ್ತು ಗೊತ್ತಾಯಿತು. ಬಾಗಿಲು ಮುಚ್ಚದೆಯೇ ಹೊರಗೆ ನಿಲ್ಲಿಸಿದ ಹಾಗೆ.

"ನಮ್ಮ ಅಟ್ಟ ಖಾಲಿ ಆಗೋದು ಯಾವಾಗಮ್ಮ?"

"ಆಗಬಾರ್ದು ಕಣ್ಲಾ. ಅಟ್ಟ ಖಾಲಿ ಆದ ಮನೆ ಒಂದು ಮನೆನಾ?"

ಭುವನ್ ಎದ್ದ. ಜೇಬಿನಿಂದ ಬೀಗದ ಕೈ ಗೊಂಚಲು ತೆಗೆದು ಮೇಜಿನ ಮೇಲಿಟ್ಟ. ಬೈಕಿನದೂ ಅದರಲ್ಲೇ ಇತ್ತು. ಬೈಕು ಮಂಡಿಯದು.

"ಎಲ್ಲಿಗ್ಲಾ?"

"ಕೆಂಕೆರೆಗೆ."

"ಊಟಕ್ಕೆ ಬತ್ತೀಯ ತಾನೆ?"

ಅವನು ತಾಯಿಯ ಪಾದ ಮುಟ್ಟಿದ. ಅವರ ಕೈ ಅಭ್ಯಾಸಬಲದಿಂದ ಅವನ ತಲೆಯ ಮೇಲೆ ಬಂತು, ಬಂದದ್ದು ಅಲ್ಲೇ ಗಾಳಿಯಲ್ಲಿ ನಿಂತಿತು. ಅಷ್ಟರಲ್ಲಿ ಅವನು ಅರ್ಧ ಬಾಗಿಲಿನಡಿ ಬಗ್ಗಿ ಹೊರಗೆ ನಡೆದಿದ್ದ.

* * *

ಚಿಕ್ಕಣ್ಣ ಅಂಗಳದಲ್ಲಿ ಚಾಪೆ ಹಾಸುತ್ತಿದ್ದ. ಆಟೊದಿಂದ ಇಳಿದವನನ್ನು ಕಂಡು ಗಾಬರಿಯಾಗಿ ಎದ್ದ.

"ಏನ್ ಸ್ವಾಮಿ, ಮಂಡಿಯವರು ನಮ್ಮನೆ ತಾವ? ಹುಡುಗಿ ಎರಡು ದಿನ ಬರಲಿಲ್ಲ ಅಂತಲಾ?"

"ಅದಕ್ಕಲ್ಲ. ಧನ್ಯಶ್ರೀನ ನಂಗೆ ಕೊಡಿ ಅಂತ ಕೇಳೋಕೆ ಬಂದೆ."

ಚಿಕ್ಕಣ್ಣನ ಚಾಪೆ ಕೈಯಲ್ಲೇ ಉಳಿಯಿತು. ಅಡಿಗೆ ಮನೆಯಲ್ಲಿ ರಂಗಮ್ಮನ ಸೌಟಿನ ಸದ್ದು ನಿಂತಿತು.

"ನಿಮ್ಮ ತಾಯವ್ರು ಒಪ್ಪಿದಾರಾ?"

"ಇಲ್ಲ. ಮನೆ ಬಿಟ್ಟು ಬಂದೆ."

"ಮನೆ ಬಿಟ್ಟೋರಿಗೆ ಹೆಣ್ಣು ಕೊಡೋಕೆ ನಂಗೇನು ತಲೆ ಕೆಟ್ಟದಾ? ತುರುವೇಕೆರೆಯೋರು ಆಗ್ಲೇ ಹೊರಟವ್ರೆ. ಹೊರಡಿ ಸ್ವಾಮಿ, ನಮ್ಮ ಮರ್ಯಾದೆ ಉಳಿಸಿ."

ಧನ್ಯಶ್ರೀ ಬಾಗಿಲಿಗೆ ಬಂದಳು. ರೇಷ್ಮೆ ಸೀರೆ, ಮುಡಿದ ಹೂವು. ಭುವನ್ ಅವಳನ್ನು ಹಾಗೆ ನೋಡಿದ್ದೇ ಇಲ್ಲ. ಇನ್ನೊಬ್ಬನಿಗಾಗಿ ಉಟ್ಟ ಸೀರೆ ಅದು.

ಅವಳು ಅವನ ಹತ್ತಿರ ಹೋಗಲಿಲ್ಲ. ಮೊದಲು ಅಪ್ಪನ ಮುಂದೆ ನಿಂತಳು.

"ಅಪ್ಪ, ಅವರು ಬಂದು ಕೂತು ವೀಳ್ಯ ತಗೊಂಡ ಮೇಲೆ ನಾನು ಇಲ್ಲ ಅಂದ್ರೆ ನಿಂಗೆ ಅವಮಾನ. ಅದಕ್ಕೇ ಈಗ್ಲೇ ಹೇಳ್ತಿದೀನಿ. ನಾನು ಇವರನ್ನೇ ಆಗೋದು."

"ಮನೆಯಿಲ್ಲ ಮಠವಿಲ್ಲ, ಇವನ್ನ ಕಟ್ಕೊಂಡು?"

"ಹೌದು."

"ಹಂಗಾದ್ರೆ ಹೋಗು," ಎಂದ ಚಿಕ್ಕಣ್ಣ. ಸಿಟ್ಟಿನಿಂದ ಎಂದನೋ ಸಂಕಟದಿಂದ ಎಂದನೋ, ಮುಖ ಆ ಕಡೆ ತಿರುಗಿಸಿದ್ದ.

ಧನ್ಯಶ್ರೀ ಅಪ್ಪನ ಬೆನ್ನನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಚಪ್ಪಲಿ ಮೆಟ್ಟಿದಳು.

"ಧನ್ಯಾ... ಬಾರೇ ಒಳೀಕೆ," ರಂಗಮ್ಮ ಹೊಸ್ತಿಲಲ್ಲಿ ನಿಂತು ಕರೆದಳು. "ಒಂದ್ ತುತ್ತು ಉಪ್ಪಿಟ್ಟಾದ್ರೂ ತಿನ್ನೇ..."

ನಿಂತರೆ ಮುಗಿಯಿತು ಎಂದು ಧನ್ಯಶ್ರೀಗೆ ಗೊತ್ತಿತ್ತು. ನಿಲ್ಲಲಿಲ್ಲ.

ಇಬ್ಬರೂ ಹುಳಿಯಾರಿನ ದಾರಿ ಹಿಡಿದು ನಡೆದರು. ಇಬ್ಬರ ನಡುವೆ ಇನ್ನೂ ಒಂದು ಮಾರು ದೂರವಿತ್ತು.

"ತಿಪಟೂರಿನಲ್ಲಿ ನನ್ನ ಸ್ನೇಹಿತ ಜ್ಞಾನೇಶನ ತೆಂಗಿನ ನಾರಿನ ಫ್ಯಾಕ್ಟರಿ ಇದೆ," ಭುವನ್ ಹೇಳಿದ. "ಕೆಲಸ ಕೊಡ್ತಾನೆ. ಮದುವೆ ಆಗೋವರೆಗೂ ಅವನಕ್ಕನ ಮನೇಲಿ ನೀನಿರು."

"ಹೂಂ."

"ಇನ್ನೂ ಸಿಟ್ಟಾ?"

"ಸಾಕ್ಷಿ ಅಂದ್ರಲ್ಲ. ಮೊದಲನೇದು ಖುಷಿಗೆ ಬರೆದಿದ್ದು ಕಣ್ರೀ. ಅಷ್ಟು ಖುಷಿ ಆಗಿತ್ತು ನಂಗೆ."

ಭುವನ್ ರಸ್ತೆಯ ಮಧ್ಯೆಯೇ ನಿಂತುಬಿಟ್ಟ.

"ಅದನ್ನೂ ಅಳಿಸಿಬಿಟ್ನಲ್ಲ ಧನ್ಯಾ..."

"ಅಳಿಸಿದ್ರಿ."

"ಮತ್ತೆ ಹೇಳ್ಲಾ? ಅವತ್ತು ಹೇಳಿದ್ದನ್ನೇ, ಸರಿಯಾಗಿ?"

ಅವಳು ತಿರುಗಿ ಬಂದು ಅವನ ತೋಳು ಹಿಡಿದಳು.

"ಹೇಳೋದೇನೂ ಬ್ಯಾಡ," ಎಂದಳು. "ನಡೀರಿ, ಬಸ್ಸು ಹೋಯ್ತದೆ."