ಅಂಗೈಗೆ ತಾಗಿದ ಉಸಿರು

“ಕೈ ತೆಗೀರಿ, ಸಿಸ್ಟರ್! ಮಷಿನ್ ಇರೋದು ಯಾಕೆ ಮತ್ತೆ?”

ಮೂರು ತಿಂಗಳ ಹಿಂದೆ, ತುಂಬಿದ ವಾರ್ಡಿನಲ್ಲಿ, ಅರಿವಳಿಕೆ ಕೊಡುವ ಡಾಕ್ಟರ್ ಅವಳ ಮೇಲೆ ಹೀಗೆ ರೇಗಿದ್ದ. ಆಪರೇಷನ್ ಮುಗಿಸಿ ಮಂಪರಿನಲ್ಲೇ ಬರುವ ರೋಗಿಯ ಬಾಯಿಯ ಮುಂದೆ ಅಂಗೈ ಹಿಡಿದು ಉಸಿರು ನೋಡುವುದು ಅವಳ ಅಭ್ಯಾಸ. ಅಷ್ಟಕ್ಕೇ ಎಲ್ಲರೆದುರು ಮರ್ಯಾದೆ ಕಳೆಯಬೇಕಿತ್ತೇ?

ಆಮೇಲೆ ಇನ್ನೊಂದು ಕಾಟ. ದಿನಾ ಬೆಳಿಗ್ಗೆ ಅವನು ದೊಡ್ಡ ಸಿಸ್ಟರನ್ನು ಕೇಳುತ್ತಿದ್ದ: “ಇವತ್ತು ಅವರು ಡ್ಯೂಟೀಲಿದಾರಾ?”

‘ನನ್ನ ಮೇಲೆ ಅಷ್ಟೊಂದು ಅಪನಂಬಿಕೆ!’ ಅವಳ ಮೈಯೆಲ್ಲ ಉರಿಯುತ್ತಿತ್ತು. ಆದರೂ ಆ ಮನುಷ್ಯನ ಹೆಜ್ಜೆ ಸದ್ದು ಕೇಳಿದರೆ ಸಾಕು, ಎದೆ ಅವಳ ಮಾತೇ ಕೇಳುತ್ತಿರಲಿಲ್ಲ. ತಾನು ಮನಸಾರೆ ಮೆಚ್ಚಿದವನೇ ತನ್ನನ್ನು ನಂಬದಿದ್ದರೆ ಅಲ್ಲಿರುವುದಾದರೂ ಹೇಗೆ? ಬೇರೆ ವಾರ್ಡಿಗೆ ಹಾಕಿ ಎಂದು ಬರೆದ ಅರ್ಜಿ ಇವತ್ತು ಅವಳ ಜೇಬಿನಲ್ಲಿತ್ತು.

ಮಧ್ಯಾಹ್ನ ಪಿತ್ತಕೋಶದ ಆಪರೇಷನ್ ಆದ ವಯಸ್ಸಾದ ಹೆಂಗಸೊಬ್ಬರನ್ನು ಒಳಗೆ ತಂದರು. ಜೊತೆಗೆ ಅವನು! ಇವತ್ತು ಡಾಕ್ಟರ ಉಡುಪಿಲ್ಲ. ಕೈಯಲ್ಲಿ ಒಂದು ಹಳೆಯ ಕನ್ನಡಕ.

“ನಮ್ಮಮ್ಮ...” ಎಂದ. ಅಷ್ಟೇ.

ಅಮ್ಮ ಜೋರಾಗಿ ಗೊರಕೆ ಹೊಡೆಯುತ್ತಿದ್ದರು. ಅವಳು ಅವರ ತಲೆ ಸರಿಪಡಿಸಿ ಆಕ್ಸಿಜನ್ ಮಾಸ್ಕ್ ಹಾಕಿದಳು. ಬೆರಳಿನ ಕ್ಲಿಪ್ಪು ರಕ್ತದ ಆಕ್ಸಿಜನ್ ತೊಂಬತ್ತೆಂಟು ಎಂದು ತೋರಿಸಿತು.

ಸ್ವಲ್ಪ ಹೊತ್ತಿಗೆ ಗೊರಕೆ ನಿಂತಿತು.

“ಸದ್ಯ... ಈಗ ಆರಾಮಾಗಿ ನಿದ್ದೆ ಮಾಡ್ತಿದಾರೆ,” ಎಂದ ಅವನು. ಬೇರೆ ಯಾರದೋ ಅಮ್ಮನಾಗಿದ್ದರೆ ಈ ಮಾತು ಅವನ ಬಾಯಿಂದ ಬರುತ್ತಲೇ ಇರಲಿಲ್ಲ.

ಅವಳು ಮಾಸ್ಕ್ ಸರಿಸಿ ಅಂಗೈ ಹಿಡಿದಳು. ಎದೆ ಏರಲು ಹೆಣಗುತ್ತಿದೆ... ಕೈಗೆ ಗಾಳಿಯೇ ತಾಗುತ್ತಿಲ್ಲ!

“ನಿದ್ದೆ ಅಲ್ಲ ಇದು! ನಾಲಿಗೆ ಹಿಂದಕ್ಕೆ ಬಿದ್ದಿದೆ! ಯಾರಾದ್ರೂ ಆಪರೇಷನ್ ರೂಮಿನ ಡಾಕ್ಟರನ್ನ ಕರೀರಿ!”

ಎರಡೂ ಕೈಯಿಂದ ದವಡೆಯನ್ನು ಮುಂದಕ್ಕೆತ್ತಿದಳು. ತೊಂಬತ್ತನಾಲ್ಕು... ಎಂಬತ್ತೆಂಟು... ಮಷಿನ್ ಈಗ ಕೂಗತೊಡಗಿತು! ಎಷ್ಟೋ ಜನರನ್ನು ಮಲಗಿಸಿ ಎಬ್ಬಿಸಿದವನ ಕಾಲು ನೆಲಕ್ಕೆ ಅಂಟಿಕೊಂಡಿತ್ತು. ಇನ್ನೊಬ್ಬ ಡಾಕ್ಟರ್ ಓಡಿ ಬಂದು ಉಸಿರಿನ ಚೀಲ ಒತ್ತತೊಡಗಿದರು. ಅವಳು ಜೇಬಿಗೆ ಕೈ ಹಾಕಿ, ಸಿಕ್ಕಿದ ಕಾಗದದ ಮೇಲೆ ಗಳಿಗೆ ಗಳಿಗೆಯ ಅಂಕಿ ಗೀಚಿದಳು.

ಎಂಬತ್ತೊಂದು... ಎಂಬತ್ತಾರು... ತೊಂಬತ್ತಮೂರು.

“ಅಮ್ಮಾ, ಕಣ್ಣು ಬಿಡಿ! ಜೋರಾಗಿ ಉಸಿರು ತಗೊಳ್ಳಿ!”

ಅಮ್ಮ ಕೆಮ್ಮಿದರು. ಬೆಚ್ಚಗಿನ ಉಸಿರು ಅಂಗೈಗೆ ತಾಗಿತು. ಆಗ ಅವಳಿಗೆ ಅಳು ಬಂತು.

ಅವನು ಆ ಕಾಗದ ಎತ್ತಿಕೊಂಡು ಹಿಂದೆ ತಿರುಗಿಸಿದ.

“ಇದೇನಿದು? ಬೇರೆ ವಾರ್ಡಿಗೆ ಹೋಗ್ತೀರಾ?”

“ನನ್ನ ನಂಬದೇ ಇರೋರ ಹತ್ರ ಯಾಕಿರ್ಲಿ?”

“ನಂಬದೇ ಇರೋದಾ! ನಿಮ್ಮ ಡ್ಯೂಟಿ ಇಲ್ಲ ಅಂತ ಅಮ್ಮನ ಆಪರೇಷನ್ ಎರಡು ಸಲ ಮುಂದಕ್ಕೆ ಹಾಕ್ಸಿದೀನಿ. ದಿನಾ ಕೇಳ್ತಿದ್ದಿದ್ದೂ ಅದಕ್ಕೇ... ನೀವಿದ್ರೆ ನಂಗೆ ಧೈರ್ಯ.”

“ಮತ್ತೆ ಅವತ್ತು?”

“ಅವತ್ತು ನಂದು ಬರೀ ಜಂಬ. ತಪ್ಪಾಯ್ತು ಅನ್ನೋಕೆ ಬಂದಾಗೆಲ್ಲ ನೀವು ಮುಖ ತಿರುಗಿಸ್ತಿದ್ರಿ. ಎಲ್ಲರೆದುರು ಬೈದೆ, ಎಲ್ಲರೆದುರೇ ಕೇಳ್ತೀನಿ. ಕ್ಷಮಿಸಿ, ಸಿಸ್ಟರ್!”

ಇಡೀ ವಾರ್ಡಿನ ಕಿವಿ ನೆಟ್ಟಗಾಯಿತು. ಅವನು ದನಿ ತಗ್ಗಿಸಿದ. “ಇನ್ನೊಂದು ಮಾತು ನಿಮಗೆ ಮಾತ್ರ... ನೀವಂದ್ರೆ ನಂಗೆ ತುಂಬಾ ಇಷ್ಟ.”

ಅವಳು ಕೈ ಚಾಚಿದಳು. “ಅರ್ಜಿ... ಕೊಡಿ ಇಲ್ಲಿ.”

“ಆಗಲ್ಲ. ಇದರ ಹಿಂದೆ ಅಮ್ಮನ ಉಸಿರಿದೆ. ಫೈಲಿಗೇ ಸೇರ್ಬೇಕು.”

“ಇನ್ನೊಂದು ಬರೀತೀನಿ.”

“ಬರೀತೀರಾ?”

ಅವಳು ಅಮ್ಮನ ಕಡೆ ತಿರುಗಿದಳು. ಭಯ ಇನ್ನೂ ಪೂರ್ತಿ ಇಳಿದಿರಲಿಲ್ಲ. ಇನ್ನೂ ಎರಡು ಗಂಟೆ ಅಮ್ಮನ ಮೇಲೆ ಕಣ್ಣಿಟ್ಟಿರಬೇಕು. ಅಂಗೈ ತಾನಾಗಿಯೇ ಮತ್ತೆ ಅಮ್ಮನ ಬಾಯಿಯ ಮುಂದೆ ಹೋಯಿತು. ಅವಳು ಒದ್ದೆ ಕಣ್ಣಿನಲ್ಲೇ ಅವನನ್ನು ನೋಡಿದಳು.

“ಕೈ ತೆಗೀಲಾ, ಡಾಕ್ಟ್ರೇ?”

“ಬೇಡ...” ಎಂದ ಅವನು. “ಯಾವತ್ತೂ ತೆಗೀಬೇಡಿ.”