ಮೇಜಿನ ಮೇಲಿಟ್ಟ ಹತ್ತು ಅಡಿಕೆ

"ಈ ಬೆಲೆಗೆ ನಿಮ್ಮ ಏಲಕ್ಕಿ ನನಗೆ ಬೇಡ."

ಅವನು ಹಾಗೆ ಮುಖಕ್ಕೆ ಹೊಡೆದಂತೆ ಹೇಳಿದಾಗ ಇಡೀ ತರಗತಿ ತಣ್ಣಗಾಯಿತು.

ನೇಪಾಳದ ಪಾಟನ್‌ನ ಆ ಕಾಲೇಜಿನಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ಕಲಿಸುತ್ತಿದ್ದವಳು ಅಂಜಿಲಾ ತುಲಾಧರ್. ಹೆಸರು ಅಂಜಿಲಾ ಆದರೂ ಅಂಜಿಕೆ ಅವಳ ಹತ್ತಿರ ಸುಳಿದದ್ದಿಲ್ಲ. ಅಂದು ಹುಡುಗರಿಂದ ವ್ಯಾಪಾರದ ಆಟ ಆಡಿಸುತ್ತಿದ್ದಳು. ಅರ್ಧ ತರಗತಿ ಏಲಕ್ಕಿ ಮಾರುವವರು, ಇನ್ನರ್ಧ ಕೊಳ್ಳುವವರು. ನೇಪಾಳದವರು, ಭೂತಾನದವರು, ಢಾಕಾದವರು ಎಲ್ಲ ಕಲಸುಮೇಲೋಗರ. ಕೊಳ್ಳುವವರ ಕಡೆ ಒಬ್ಬರು ಕಡಿಮೆ ಬಿದ್ದಿದ್ದರಿಂದ, ಅಂದೇ ಬೆಳಿಗ್ಗೆ ಅಸ್ಸಾಮಿನಿಂದ ಬಂದಿಳಿದಿದ್ದ ಹೊಸ ಅಧ್ಯಾಪಕ ದ್ವಿಪೇನ್ ಸೈಕಿಯಾನನ್ನೇ ಎಳೆದು ಕೂರಿಸಿದ್ದಳು.

"ಸರ್, ವ್ಯಾಪಾರ ಕೆಡಿಸಿದ್ರಿ," ಎಂದಳು ಅಂಜಿಲಾ. "ಇಲ್ಲಿ ಯಾರೂ ಹೀಗೆ ಬೇಡ ಅನ್ನಲ್ಲ. ಮಾರೋನು ಎದ್ದು ಹೋಗಿಬಿಡ್ತಾನೆ."

"ಮತ್ತೆ ಬೇಡ ಅಂತ ಹೇಗೆ ಹೇಳ್ತೀರಿ ಮಿಸ್? ಕನಸಲ್ಲಿ ಬಂದು ಹೇಳ್ತೀರಾ?"

ಹುಡುಗರು ನಕ್ಕರು. ಅಂಜಿಲಾಗೆ ಉರಿದುಹೋಯಿತು. ಬಂದ ದಿನವೇ ನನ್ನ ತರಗತಿಯಲ್ಲಿ ನನ್ನನ್ನೇ ಗೇಲಿ ಮಾಡ್ತಾನಲ್ಲ ಇವನು...

"ಹೇಳೋದೇ ಇಲ್ಲ. ನಮ್ಮ ನೇವಾರರಲ್ಲಿ ಹಿಂದೆ ಹೆಣ್ಣು ಗಂಡನನ್ನ ಬಿಡೋದಾದ್ರೆ ಜಗಳ ಇಲ್ಲ, ಪಂಚಾಯ್ತಿ ಇಲ್ಲ. ಅವನ ದಿಂಬಿನ ಕೆಳಗೆ ಅಡಿಕೆ ಇಟ್ಟು ಎದ್ದು ಹೋಗ್ತಿದ್ಲು. ಮುಗೀತು. ಆಮೇಲೆ ಯಾಕೆ ಅಂತ ಕೇಳಿದವನು ಗಂಡಸೇ ಅಲ್ಲ, ಅಂಥ ಪ್ರಶ್ನೆ ಅವಳಿಗೆ ಅವಮಾನ. ಇನ್ನೊಬ್ಬರ ದೇಶದಲ್ಲಿ ಸನ್ನೆಗೆ ಅವರ ಅರ್ಥ ಹಚ್ಚಬೇಕು ಸರ್, ನಿಮ್ಮದಲ್ಲ."

ತರಗತಿ ಬಾಯಿ ಬಿಟ್ಟುಕೊಂಡು ಕೇಳಿತು. ದ್ವಿಪೇನ್ ಕೂಡ. ಅವನ ಊರಿನಲ್ಲಿ ಅಡಿಕೆಯೆಂದರೆ ಮರ್ಯಾದೆ. ಮನೆಗೆ ಬಂದವರಿಗೆ ಮೊದಲು ಅದೇ, ಮದುವೆಗೆ ಕರೆಯುವುದಕ್ಕೂ ಅದೇ, ತಪ್ಪಾಯಿತೆಂದು ಬೇಡಿಕೊಳ್ಳುವುದಕ್ಕೂ ಅದೇ.

ಆ ಪಾಠಕ್ಕೆ ಇನ್ನೊಂದು ಅರ್ಧವಿತ್ತು. ಅಷ್ಟರಲ್ಲಿ ಗಂಟೆ ಹೊಡೆಯಿತು. ಉಳಿದದ್ದನ್ನು ನಾಳೆ ಹೇಳಿದರಾಯಿತು ಎಂದುಕೊಂಡಳು ಅಂಜಿಲಾ. ನಾಳೆ ಬೇರೆ ಪಾಠ ಬಂತು. ಬುದ್ಧಿವಂತರ ಹಣೆಬರಹವೇ ಇಷ್ಟು, ತಮಗೆ ಗೊತ್ತಿರುವುದು ಊರಿಗೆಲ್ಲ ಗೊತ್ತಿದೆ ಅಂದುಕೊಳ್ಳುತ್ತಾರೆ.

ಜಗಳದಿಂದ ಶುರುವಾದದ್ದು ಚಹಾದ ಅಂಗಡಿಗೆ ಬಂತು. ಇಬ್ಬರೂ ಸೇರಿ ಒಂದೇ ತರಗತಿ ನಡೆಸತೊಡಗಿದರು. ಢಾಕಾದ ಹುಡುಗಿ ಯಾಕೆ ನೇರ ಉತ್ತರ ಕೊಡುವುದಿಲ್ಲ, ಭೂತಾನದ ಹುಡುಗ ಯಾಕೆ ಮೂರು ಸಲ ಉಪಚಾರ ಮಾಡಿದ ಮೇಲೇ ಚಹಾ ಕುಡಿಯುತ್ತಾನೆ ಎಂದು ವಾದಿಸುತ್ತ, ಅವಳ ಮನೆಯಿದ್ದ ಅಸನ್ ಪೇಟೆಯವರೆಗೂ ಅವನು ನಡೆದು ಬರುತ್ತಿದ್ದ. ಅವನು ಬಾರದ ಸಂಜೆ ಆ ದಾರಿ ಅವಳಿಗೆ ಮುಗಿಯುತ್ತಲೇ ಇರಲಿಲ್ಲ.

ಆ ಕಾಲೇಜಿನಲ್ಲಿ ದ್ವಿಪೇನ್‌ನ ಕೆಲಸದ ಅವಧಿ ಮುಗಿಯುತ್ತ ಬಂದಾಗ ಅವನೇ ಬಾಯಿಬಿಟ್ಟ.

"ಅಂಜಿಲಾ, ನನ್ನ ಜೊತೆ ಬದುಕ್ತೀರಾ? ಈಗಲೇ ಹೇಳ್ಬೇಡಿ. ನಿಮ್ಮವರ ರೀತಿಯಲ್ಲೇ ಹೇಳಿ, ನನಗೆ ಅರ್ಥ ಆಗುತ್ತೆ. ಶನಿವಾರ ಹೊರಡ್ತೀನಿ. ಉತ್ತರ ಹೌದು ಅಂದ್ರೆ ಮಾತ್ರ ನಿಮ್ಮ ಮನೆಗೆ ಬಂದು ಅಮ್ಮನ್ನ ಕೇಳ್ತೀನಿ."

ಅಮ್ಮನನ್ನು ಒಪ್ಪಿಸುವುದೇನು ಸುಲಭವಾಗಿರಲಿಲ್ಲ.

"ನಿಮ್ಮಜ್ಜ ಲ್ಹಾಸಾವರೆಗೂ ವ್ಯಾಪಾರಕ್ಕೆ ಹೋದವ್ರು ಮೈಚಾ," ಎಂದಳು ಅಮ್ಮ. ಮಗಳನ್ನು ಅವಳು ಮುದ್ದಿಗೆ ಕರೆಯುತ್ತಿದ್ದುದೇ ಹಾಗೆ. "ಆದ್ರೆ ಸಂಬಂಧ ಮಾತ್ರ ಈ ಗಲ್ಲಿ ದಾಟಿ ಮಾಡ್ಲಿಲ್ಲ."

"ಅಲ್ಲೊಂದು ಸಂಸಾರ ಇತ್ತಂತಲ್ಲಮ್ಮ ಅಜ್ಜಂಗೆ?"

"ಬಾಯ್ಮುಚ್ಚೇ!" ಎಂದ ಅಮ್ಮ ಮರುಕ್ಷಣವೇ ನಕ್ಕುಬಿಟ್ಟಳು.

ಶುಕ್ರವಾರ ಬೆಳಿಗ್ಗೆ ಅಮ್ಮನೇ ತನ್ನ ಕೈಯಾರೆ ಹತ್ತು ಒಳ್ಳೆಯ ಅಡಿಕೆ ಆರಿಸಿ, ಕೆಂಪು ಬಟ್ಟೆಯಲ್ಲಿ ಕಟ್ಟಿಕೊಟ್ಟಳು. "ಅವನ ಕೈಗೇ ಕೊಡು. ಸಂಜೆ ಕರ್ಕೊಂಡು ಬಾ, ಬಾರಾ ಮಾಡ್ತೀನಿ," ಎಂದು ಆ ದಪ್ಪ ದೋಸೆಗೆ ಉದ್ದು ನೆನೆಹಾಕಿದಳು.

ನೇವಾರರ ಮದುವೆಯಲ್ಲಿ ಹೆಣ್ಣು ಗಂಡನ ಮನೆಯ ಒಬ್ಬೊಬ್ಬರ ಕೈಗೂ ಹತ್ತು ಹತ್ತು ಅಡಿಕೆ ಕೊಡುತ್ತಾಳೆ. ಇಂದಿನಿಂದ ನಾನು ನಿಮ್ಮವಳು ಎಂದು ಅದರರ್ಥ. ತರಗತಿಯಲ್ಲಿ ಉಳಿದುಹೋದ ಅರ್ಧ ಪಾಠ ಇದೇ.

ಅವಳು ಹೋದಾಗ ದ್ವಿಪೇನ್ ಪರೀಕ್ಷೆಯ ಕೋಣೆಯಲ್ಲಿದ್ದ. ಕಾಯಬಹುದಿತ್ತು. ಆದರೆ ಎಂದೂ ಅಂಜದವಳು ಅಂದು ಅಂಜಿದಳು. ಕಾರಿಡಾರಿನ ತುಂಬ ಹುಡುಗರು, ಎಲ್ಲರೂ ತನ್ನ ಸೆರಗಿನೊಳಗಿನ ಗಂಟನ್ನೇ ನೋಡುತ್ತಿದ್ದಾರೆ ಎಂಬ ನಾಚಿಕೆ... ಅವನ ಮೇಜಿನ ಮೇಲೆ ಬಟ್ಟೆ ಬಿಚ್ಚಿ, ಹತ್ತೂ ಅಡಿಕೆ ಕಾಣುವ ಹಾಗೆ ಇಟ್ಟು, ಹೆಚ್ಚುಕಡಿಮೆ ಓಡಿಯೇ ಮನೆಗೆ ಬಂದಳು.

ಸಂಜೆ ಅಮ್ಮ ಬಾರಾ ಬೇಯಿಸಿದಳು. ಆರಿದವು. ಮತ್ತೆ ಬಿಸಿ ಮಾಡಿದಳು.

ಅವನು ಬರಲಿಲ್ಲ. ಶನಿವಾರ ಊರು ಬಿಟ್ಟು ಹೋದ.

ಒಂದು ಮಾತೂ ಇಲ್ಲವಲ್ಲ! ನಾಚಿಕೆ ಬಿಟ್ಟು ಕೊಟ್ಟದ್ದನ್ನು ತೆಗೆದುಕೊಂಡು, ಒಂದು ಮಾತೂ ಇಲ್ಲದೆ... ಅಂಜಿಲಾ ಫೋನು ಕೈಗೆತ್ತಿಕೊಂಡು ಕೆಳಗಿಟ್ಟಳು. ತಾನಾಗಿ ಹೋಗಿ ಕೊಟ್ಟದ್ದೇ ಸಾಲದೆ, ಇನ್ನು ಬೇಡುವುದೂ ಬೇಕೆ?

ಸುದ್ದಿ ಗಲ್ಲಿಯೆಲ್ಲ ಹಬ್ಬಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರಲ್ಲ, ಅವಳ ಪಾಲಿಗೆ ಆ ಗಾದೆ ಅಕ್ಷರಶಃ ನಿಜವಾಯಿತು. ಬಂದ ಸಂಬಂಧಗಳು ಹೊಸ್ತಿಲಲ್ಲೇ ತಿರುಗಿ ಹೋದವು, ಕೆಲವನ್ನು ಅವಳೇ ತಿರುಗಿಸಿದಳು. ನಾಲ್ಕನೆಯ ವರ್ಷ ಅಮ್ಮ ಹೋದಳು. "ನಾನೇ ಆರಿಸಿಕೊಟ್ಟೆ ಮೈಚಾ... ಯಾವುದಾದ್ರೂ ಹುಳುಕಿತ್ತೇನೋ," ಎಂದು ಕೊನೆಯವರೆಗೂ ಕೊರಗುತ್ತಲೇ ಹೋದಳು. ಅದಕ್ಕೆ ಮಾತ್ರ ಅಂಜಿಲಾ ಅವನನ್ನು ಕ್ಷಮಿಸಲಿಲ್ಲ.

ಆರನೆಯ ವರ್ಷ ಗುವಾಹಟಿಯಿಂದ ಹುಡುಗರ ಒಂದು ತಂಡ ಬಂತು. ಅವರ ಮೇಷ್ಟ್ರು ಕಚೇರಿಯ ಕೆಲಸ ಮುಗಿಸಿ ಬರುವಷ್ಟರಲ್ಲಿ ಪಾಠ ಶುರುಮಾಡಿ ಎಂದು ಪ್ರಾಂಶುಪಾಲರು ಹೇಳಿಕಳಿಸಿದರು. ಅಂಜಿಲಾ ಎಂದಿನಂತೆ ಕೇಳಿದಳು.

"ಬಾಯಲ್ಲಿ ಹೇಳದೆ ಬೇಡ ಅನ್ನೋದು ಹೇಗೆ? ಯಾರಾದ್ರೂ ಹೇಳಿ."

ಮುಂದಿನ ಬೆಂಚಿನ ಹುಡುಗಿ ಕೈ ಎತ್ತಿದಳು. "ಅಡಿಕೆ ಇಡೋದು ಮ್ಯಾಮ್. ನಿಮ್ಮ ಕಡೆಯದೇ ಪದ್ಧತಿ ಅಲ್ವಾ? ನಮ್ ಸರ್ ಪ್ರತಿ ವರ್ಷ ಹೇಳ್ತಾರೆ. ಅವರ ಸ್ನೇಹಿತರೊಬ್ಬರು ಇಲ್ಲಿಯವರನ್ನ ಪ್ರೀತಿ ಮಾಡಿದ್ರಂತೆ. ಆಕೆ ಒಂದಲ್ಲ, ಹತ್ತು ಅಡಿಕೆ ಇಟ್ಟು ಹೋದ್ರಂತೆ. ಅಂದ್ರೆ ಹತ್ತು ಸಲ ಬೇಡ ಅಂತ."

ಅಂಜಿಲಾ ಆ ಹುಡುಗಿಯ ಬೆಂಚಿನ ಹತ್ತಿರ ಬಂದಳು.

"ಯಾರು... ಯಾರು ನಿಮ್ಮ ಸರ್?"

"ಇಲ್ಲೇ ಬಂದ್ರಲ್ಲ ಮ್ಯಾಮ್."

ಬಾಗಿಲಲ್ಲಿ ದ್ವಿಪೇನ್ ನಿಂತಿದ್ದ. ಕಿವಿಯ ಪಕ್ಕ ಕೂದಲು ನರೆತಿತ್ತು.

ಎಲ್ಲ ಹಾಗೇ ಬಿಟ್ಟು ಹೊರಗೆ ಹೋಗಿಬಿಡಬೇಕು ಅನ್ನಿಸಿತು ಅವಳಿಗೆ. ಹೋಗಲಿಲ್ಲ. ಒಂದು ಸಲ ಓಡಿಹೋದದ್ದಕ್ಕೆ ತೆತ್ತದ್ದು ಸಾಕಾಗಿತ್ತು. ಹುಡುಗಿಯ ಕಡೆಗೇ ತಿರುಗಿ ನಿಧಾನವಾಗಿ ಹೇಳಿದಳು.

"ನಿಮ್ಮ ಸರ್ ಹೇಳಿದ್ದು ಅರ್ಧ ಪಾಠ. ತಪ್ಪು ಅವರದಲ್ಲ, ಅವರಿಗೆ ಕಲಿಸಿದವಳದು. ದಿಂಬಿನ ಕೆಳಗಿಟ್ರೆ ಬೇಡ ಅಂತ. ಹತ್ತು ಎಣಿಸಿ ಕೊಟ್ರೆ, ಅದು ಮದುವೆ ಹೆಣ್ಣು ಕೊಡೋದು. ನಾನು ನಿಮ್ಮವಳು ಅಂತ."

ಬಾಗಿಲ ಚೌಕಟ್ಟು ಹಿಡಿದಿದ್ದ ಅವನ ಕೈ ಕೆಳಗಿಳಿಯಿತು. ಹುಡುಗಿ ಒಮ್ಮೆ ಅವರನ್ನು, ಒಮ್ಮೆ ಇವರನ್ನು ನೋಡಿದಳು.

ತರಗತಿ ಖಾಲಿಯಾದ ಮೇಲೆ ಇಬ್ಬರೂ ಮೆಟ್ಟಿಲ ಮೇಲೆ ಬಿಸಿಲಿನಲ್ಲಿ ಕೂತರು. ನಡುವೆ ಒಬ್ಬರು ಕೂರುವಷ್ಟು ಜಾಗವಿತ್ತು.

"ಒಂದು ಮಾತು ಕೇಳೋಕಾಗ್ಲಿಲ್ವಾ ನಿಮಗೆ?"

"ಕೇಳೋದು ಅವಮಾನ ಅಂದಿದ್ದು ನೀವೇ. ನಮ್ಮೂರ ಅರ್ಥ ಹಚ್ಚಿದ್ರೆ ಕುಣಿದು ಬರ್ತಿದ್ದೆ ಅಂಜಿಲಾ. ನಿಮ್ಮ ಅರ್ಥ ಹಚ್ಚಿದೆ. ನೀವು ಕಲಿಸಿದ ಹಾಗೇ."

"ಎಲ್ಲದ್ರಲ್ಲೂ ಎದುರು ವಾದ ಮಾಡ್ತಿದ್ರಿ. ಅದೊಂದನ್ನ ಮಾತ್ರ ಪಾಲಿಸಿದ್ರಿ," ಎಂದಳು ಅಂಜಿಲಾ. "ನಮ್ಮಮ್ಮ ಎರಡು ಸಲ ಬಾರಾ ಬಿಸಿ ಮಾಡಿದ್ಲು. ಸಾಯೋವರೆಗೂ ಅಡಿಕೆ ಹುಳುಕಿತ್ತು ಅಂತಿದ್ಲು."

ದ್ವಿಪೇನ್ ಅವಳ ಕಡೆ ತಿರುಗಿದ.

"ಹುಳುಕಿರ್ಲಿಲ್ಲ."

"ನಿಮಗೇನು ಗೊತ್ತು?"

"ನನ್ನ ಚೀಲದಲ್ಲಿ ನಮ್ಮಮ್ಮನಿಗೆ ಸಿಕ್ತು. ಇಷ್ಟು ಮರ್ಯಾದೆ ಯಾರು ಕೊಟ್ರೋ ನಿನಗೆ ಅಂದ್ಲು. ಅವರ ದೇಶದಲ್ಲಿ ಅರ್ಥ ಬೇರೆ ಅಂತ ಬೈದೆ. ಕೇಳ್ಲಿಲ್ಲ. ದಿನಕ್ಕೊಂದರಂತೆ ಕತ್ತರಿಸಿ, ಎಲೆ ಜೊತೆ ಹತ್ತೂ ತಿಂದ್ಲು."

ಅಂಜಿಲಾ ನಕ್ಕಳು. ನಗುವಿನ ನಡುವೆಯೇ ಅಳು ಬಂತು. ಅತ್ತೆಯಾಗಬೇಕಾದವಳು ಸೊಸೆ ಕೊಟ್ಟ ಅಡಿಕೆ ತಿಂದಾಗಿತ್ತು. ಮದುವೆಯಾಗಬೇಕಾದವರಿಗೆ ಮಾತ್ರ ಸುದ್ದಿ ತಲುಪಿರಲಿಲ್ಲ.

"ಇನ್ನೂ ಇದ್ದಾರಾ ಅವರು?"

"ಇದ್ದಾಳೆ. ಮದುವೆ ಆಗಲ್ಲ ಅಂದಾಗಲೆಲ್ಲ ಅದೇ ಕೇಳ್ತಾಳೆ. ಅಡಿಕೆ ಕೊಟ್ಟವಳು ಏನಾದ್ಲು ಅಂತ."

"ಆ ಆರು ವರ್ಷದ ಲೆಕ್ಕ ನಾನು ಬಿಡಲ್ಲ ದ್ವಿಪೇನ್. ಸಿಟ್ಟು ಹೋಗಿಲ್ಲ. ಹೋಗೋದೂ ಇಲ್ಲ."

"ಬೇಡ. ಇಟ್ಕೊಳ್ಳಿ. ಆ ಸಿಟ್ಟಿನ ಜೊತೆಗೇ ಬನ್ನಿ."

ಅವಳು ಕಣ್ಣೊರೆಸಿಕೊಂಡು ಎದ್ದು ನಿಂತಳು.

"ಎಲ್ಲಿಗೆ?" ಅವನ ದನಿಯಲ್ಲಿ ಹೆದರಿಕೆಯಿತ್ತು.

"ಅಸನ್‌ಗೆ. ಅಡಿಕೆ ಕೊಳ್ಳೋಕೆ. ಅಮ್ಮ ಇಲ್ವಲ್ಲ, ನಾನೇ ಆರಿಸ್ಕೋಬೇಕು."

"ನಾನು ಇಲ್ಲೇ ಕಾಯ್ಲಾ?"

"ಕಾಯೋದು ಬೇಡ, ಜೊತೆಗೆ ಬಾ," ಎಂದಳು ಅಂಜಿಲಾ. "ಈ ಸಲ ಕೈಗೇ ಕೊಡ್ಬೇಕು."