ಗೋರಿಯತ್ತ ಚಾಚಿದ ಬೆರಳು

"ಬೆರಳು ಮಡಚೋ!" ಹಳ್ಳಿಯ ವುಲಾ ಅಜ್ಜಿ ಕಿರುಚಿದಳು. "ಗೋರಿ ಕಡೆ ಬೆರಳು ಚಾಚಿ ತೋರಿಸ್ಬಾರ್ದು. ಒಳಗಿರೋರು ಅದನ್ನೇ ಹಿಡ್ಕೊಂಡು ಹೊರಗೆ ಬರ್ತಾರೆ!"

"ಬರ್ಲಿ ಬಿಡಜ್ಜಿ, ನಮ್ಮ ಜೊತೆ ಅವ್ರೂ ಅಗೀಲಿ" ಎಂದು ಸಿಯುರಿ ನಕ್ಕ. ರಾಜಧಾನಿಯಿಂದ ನೀಲಮಣಿ ಅಗೆಯಲು ಬಂದಿದ್ದ ಅವನಿಗೆ ಹಳ್ಳಿಯ ಮಡಿ-ಮೈಲಿಗೆಯೆಲ್ಲ ತಮಾಷೆ.

ಮಡಗಾಸ್ಕರಿನ ಆ ಕೆಂಪು ನೆಲದ ಕಲ್ಲು ಪರದೇಶದ ಕೊರಳುಗಳಲ್ಲಿ ಹೊಳೆಯುತ್ತಿತ್ತು. ಅದನ್ನು ಅಗೆದವರು ಮಾತ್ರ ಬೇಯಿಸಿದ ಮರಗೆಣಸು ತಿಂದು ಮಲಗುತ್ತಿದ್ದರು. ಇದೆಂಥ ನ್ಯಾಯವೋ! ಅತ್ತ ರಾಜಧಾನಿಯಲ್ಲಿ ಸಿಯುರಿಯ ತಾಯಿಯಿಲ್ಲದ ಮಗಳು ಮಿಯಾಲಿ ನೆರೆಮನೆಯಲ್ಲಿ ಅಪ್ಪನ ದಾರಿ ಕಾಯುತ್ತಿದ್ದಳು. ನಾಲ್ಕು ಕಾಸು ಮಾಡಿಕೊಂಡು ಅವಳನ್ನು ಸೇರಬೇಕು, ಅವನಿಗೆ ಬೇರೇನೂ ಬೇಕಿರಲಿಲ್ಲ. ಕಲ್ಲಿನ ಜಾಡು ತೋರಿಸಿದವರಿಗೆ ಕಂಪನಿ ಕಾಸು ಕೊಡುತ್ತಿತ್ತು. ಜಾಡು ಎತ್ತಿನ ಕೊಂಬು ನೆಟ್ಟ ಆ ಗೋರಿಯ ಅಡಿಗೇ ಹೋಗಿತ್ತು. ಜೀಪಿನಲ್ಲಿದ್ದ ಸಾಹೇಬನಿಗೆ ಅವನು ನೆಟ್ಟಗೆ ಬೆರಳು ಚಾಚಿ ತೋರಿಸಿದ.

ಬುಲ್ಡೋಜರ್ ಗೋರಿಯನ್ನು ಕೆಡವಿತು. ಹಳೆಯ ರೇಷ್ಮೆ ಹೊದಿಕೆಗಳು, ಎಲುಬುಗಳು ಧೂಳಿನಲ್ಲಿ ಚೆಲ್ಲಾಪಿಲ್ಲಿಯಾದವು. ಆ ಸಂಜೆಯೇ ಸಿಯುರಿಯ ತೋರುಬೆರಳು ಮರಗಟ್ಟಿತು. ಮಡಚಲು ಬರಲಿಲ್ಲ. ಎಷ್ಟು ತೊಳೆದರೂ ಉಗುರಿನಿಂದ ಗೋರಿಯೊಳಗಿನ ಮುಗ್ಗಲು ವಾಸನೆ ಬರುತ್ತಿತ್ತು.

ಕಾಸು ಹಿಡಿದು ರಾಜಧಾನಿಗೆ ಹತ್ತಿದ ಬಸ್ಸಿನಲ್ಲಿ ಆ ಬೆರಳು ತಾನಾಗಿಯೇ ಹೊರಳಿ, ಪಕ್ಕದ ಹೆಂಗಸಿನ ಬುಟ್ಟಿಯಲ್ಲಿದ್ದ ಕೋಳಿಯತ್ತ ನಿಂತಿತು. ಕೋಳಿ ಕತ್ತು ಚೆಲ್ಲಿ ಸತ್ತಿತು.

"ಯಾರ ಗೋರಿ ಮುಟ್ಟಿ ಬಂದ್ಯೋ ಪಾಪಿ? ಆಚೆ ಹೋಗು!" ಹೆಂಗಸು ಚೀರಿದಳು.

ಕಿಕ್ಕಿರಿದ ಬಸ್ಸಿನಲ್ಲಿ ಅವನ ಸುತ್ತ ಮಾತ್ರ ಜಾಗ ಖಾಲಿಯಾಯಿತು. ದಾರಿಯುದ್ದಕ್ಕೂ ಯಾರೂ ಅವನ ಮುಖ ನೋಡಲಿಲ್ಲ. ಬೆರಳಿಗೆ ಬಟ್ಟೆ ಸುತ್ತಿ, ತೊಡೆಯಡಿ ಅದುಮಿ ಕೂತು ಅವನು ಸದ್ದಿಲ್ಲದೆ ಅತ್ತ.

"ಅಪ್ಪಾ!" ನೆರೆಮನೆಯಿಂದ ಮಿಯಾಲಿ ಓಡಿ ಬಂದಳು.

ಕೈ ಮೇಲೆದ್ದಿತು. ಅವನು ಎತ್ತಿರಲಿಲ್ಲ. ಬಟ್ಟೆ ಕಳಚಿ ಬಿತ್ತು. ಬೆರಳು ಹೊರಳಿತು. ಮಗಳ ಕಡೆಗೆ.

"ಬರಬೇಡ! ಅಲ್ಲೇ ನಿಲ್ಲು!"

ಇನ್ನೊಂದು ಕೈಯಿಂದ ಒತ್ತಿ ಹಿಡಿದ. ಜಾರಿತು. ಮತ್ತೆ ಹಿಡಿದ. ಕಿವಿಯ ಬಳಿ ಒಣ ಉಸಿರು. "ನಮ್ಮನೆ ಕಿತ್ಯಲ್ಲ. ಬದಲಿಗೆ ಯಾರನ್ನ ಕೊಡ್ತೀಯ?"

"ನನ್ನನ್ನ! ನನ್ನನ್ನೇ ತಗೊಳ್ಳಿ!"

ಬೆರಳು ಮಡಚಿಕೊಂಡಿತು. ಅವನ ಎದೆಯತ್ತ ತಿರುಗಿ ನಿಂತಿತು. "ಹಾಗಾದ್ರೆ ನಮ್ಮಲ್ಲಿಗೆ ಬಾ" ಎಂದಿತು ಉಸಿರು.

ಮಗಳನ್ನು ಮುಟ್ಟದೆಯೇ ಅವನು ಬಂದ ದಾರಿಗೆ ತಿರುಗಿದ. "ಎಲ್ಲಿಗಪ್ಪಾ?" ಎಂಬ ಅವಳ ಅಳು ಬೀದಿಯ ಕೊನೆಯವರೆಗೂ ಕೇಳುತ್ತಿತ್ತು.

ಕಲ್ಲು ಮುಗಿದ ಮೇಲೆ ಕಂಪನಿ ಜಾಗ ಖಾಲಿ ಮಾಡಿತು. ಗೋರಿಯಿದ್ದಲ್ಲಿ ಉಳಿದ ಗುಂಡಿಯಲ್ಲಿ ಸಿಯುರಿ ಸತ್ತು ಮಲಗಿದ್ದಾನೆ, ತನ್ನ ಹಿರಿಯರ ಗೋರಿ ಸೇರದೆ, ಪರರ ಎಲುಬುಗಳ ನಡುವೆ. ಹೊಸಬರು ಕೇಳಿದರೆ ವುಲಾ ಅಜ್ಜಿ ಆ ಗುಂಡಿಯನ್ನು ಬೆರಳು ಮಡಚಿಯೇ ತೋರಿಸುತ್ತಾಳೆ.